ಎಳ್ಳಿನಷ್ಟು ಬೆಳಕು

ಹರಿಗೋಲಿನ ತೊಗಲಿನಲ್ಲಿ ತೂತಿದ್ದದ್ದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಕಾಣಲಿಲ್ಲ ಎಂದರೆ ನೀವೂ ನಂಬುತ್ತೀರಿ, ಊರೇ ನಂಬಿತ್ತು — ಆದರೆ ಕಂಡಿತ್ತು.

ಕಂಪ್ಲಿಯ ಹೊಳೆದಂಡೆಯಲ್ಲಿ ನಮ್ಮಣ್ಣ ಈರಣ್ಣ ಹರಿಗೋಲು ಕಟ್ಟಿ ಮಾರುತ್ತಿದ್ದ. ಬಿದಿರು ಹೆಣೆದು ಅದಕ್ಕೆ ಎಮ್ಮೆಯ ತೊಗಲು ಹೊಲಿಯುವುದು ಅವನ ಕೆಲಸ. ತೊಗಲಿನ ಕೂದಲು ಹೆರೆಯುವುದು, ಕೊನೆಗೆ ಪರೀಕ್ಷೆ ಮಾಡುವುದು ನನ್ನದು. ನಡುಹಗಲಲ್ಲಿ ಹರಿಗೋಲನ್ನು ಬೋರಲು ಹಾಕಿದರೆ ನಾನು ಅದರಡಿ ನುಸುಳಿ ಕೂರುತ್ತಿದ್ದೆ. ಅಂಚಿನ ಸುತ್ತ ಅಣ್ಣ ಗೋಣಿ ಹೊದಿಸುತ್ತಿದ್ದ. ಒಳಗೆ ಕಗ್ಗತ್ತಲು, ತೊಗಲಿನ ನಾತ. ಎಲ್ಲಿ ಬೆಳಕು ಚುಚ್ಚಿದರೂ ಬೆರಳಿಟ್ಟು ಕೂಗಬೇಕು. ಅಲ್ಲಿ ಅವನು ತೇಪೆ ಹಾಕುತ್ತಿದ್ದ. ನನಗಾಗ ಹದಿನಾರು. ನನ್ನ ಕಣ್ಣಿನ ಮೇಲೆ ಅವನಿಗೆ ಅಷ್ಟು ನಂಬಿಕೆ.

ಆ ದಿನ ನೆತ್ತಿಯ ಮೇಲೆಯೇ ಕಂಡಿತು. ಎಳ್ಳಿನಷ್ಟು ಬೆಳಕು. ಹೆರೆಯುವಾಗ ನನ್ನ ಕತ್ತಿ ಜಾರಿದ ಜಾಗವದು — ಕೂಡಲೇ ಗುರುತು ಹತ್ತಿತು. ಹಿಂದಿನ ವಾರವಷ್ಟೇ ಒಂದು ತೊಗಲು ಕೆಡಿಸಿ ಬೈಸಿಕೊಂಡಿದ್ದೆ. ದಾರಕ್ಕೆ ತೀಡುವ ಮೇಣದ ಚೂರು ಸೆರಗಿನ ತುದಿಯಲ್ಲಿತ್ತು. ಒತ್ತಿ ತೀಡಿದೆ. ಬೆಳಕು ಆರಿತು.

"ಐತೇನು?" ಎಂದು ಅಣ್ಣ ಹೊರಗಿನಿಂದ ಕೇಳಿದ.

"ಇಲ್ಲಣ್ಣ. ಎಲ್ಲಾ ಕತ್ತಲ ಐತಿ."

ಬೈಗುಳಕ್ಕೆ ಹೆದರಿದೆ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ.

ಕೊಂಡವನು ನಮ್ಮ ಓಣಿಯ ಅಂಬಿಗ ಕರಿಯಪ್ಪ. ಎಷ್ಟು ದಿನ ಬಾಳುತ್ತದೆ ಎಂದು ಅವನು ಕೇಳಿದಾಗ ಅಣ್ಣ ನಕ್ಕು, "ವರ್ಷದೊಳಗ ಹರದ್ರ ನನ್ನ ತೊಗಲು ಸುಲಿದು ಹೊಲಿದು ಕೊಡ್ತೀನಿ" ಎಂದ. "ನಿನ್ನ ತೊಗಲು ಒಂದು ಜೋಡಿ ಕೆರಕ್ಕೂ ಸಾಲಂಗಿಲ್ಲ ಬಿಡಲೇ" ಎಂದ ಕರಿಯಪ್ಪ. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ —

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸ ಹರಿಗೋಲು ಹೊಳೆ ತುಂಬಿದಾಗ ಮೊದಲ ಸಲ ಆಚೆ ದಂಡೆಗೆ ಹೋಗುವಾಗ ಕಟ್ಟಿದವನೇ ಹುಟ್ಟು ಹಿಡಿಯಬೇಕು. ಕೊಂಡವನ ಮನೆಯವರು ಒಳಗೆ ಕೂರಬೇಕು. ಅದೇ ಜಾಮೀನು.

ಬೇಸಗೆಯಿಡೀ ಹೊಳೆ ತೆಳ್ಳಗೆ ಹರಿಯಿತು. ಹರಿಗೋಲು ಮೊಣಕಾಲು ನೀರಲ್ಲಿ ಓಡಾಡಿಕೊಂಡಿತ್ತು. ನಾನು ದಿನಾ ಬೆಳಿಗ್ಗೆ ಕೊಡ ಹಿಡಿದು ಹೋಗಿ ದಂಡೆಯ ಬಂಡೆಯನ್ನೇ ನೋಡುತ್ತಿದ್ದೆ. ಬಂಡೆ ಒಣಗಿದ್ದರೆ ಉಸಿರು ಬರುತ್ತಿತ್ತು. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದು ಸುದ್ದಿ ಬಂತು. ನೀರು ಕೆಂಪಾಯಿತು. ಬಂಡೆಯ ಬುಡ ಮುಳುಗಿತು, ಮರುದಿನ ಸೊಂಟ. ಇವತ್ತು ಹೇಳುತ್ತೇನೆ ಎಂದುಕೊಂಡು ಏಳುತ್ತಿದ್ದೆ. ಅಣ್ಣನ ಮುಂದೆ ರೊಟ್ಟಿ ಇಟ್ಟು ಒಲೆಯ ಕಡೆ ತಿರುಗಿಬಿಡುತ್ತಿದ್ದೆ. ಒಂದು ಸಲ ಬಾಯಿ ತೆರೆದೂ ಬಿಟ್ಟೆ — ಯಾಕೆ ನಡುಗುತ್ತೀ, ಜ್ವರವೇ ಎಂದು ಅವನು ಹಣೆ ಮುಟ್ಟಿ ನೋಡಿದ. ಹೌದು, ಜ್ವರ ಎಂದೆ.

ಬಂಡೆಯ ತಲೆ ಮುಳುಗಿದ ದಿನ ಅಣ್ಣ ಹುಟ್ಟು ಹಿಡಿದ. ಕರಿಯಪ್ಪ, ಅವನ ಹೆಂಡತಿ, ಅವನ ತಾಯಿ ಹನುಮವ್ವ ಕೂತರು. ಮುದುಕಿ ನನ್ನ ಕಡೆ ಕೈ ಬೀಸಿದಳು. ನಾನು ದಂಡೆಯಲ್ಲಿದ್ದೆ. ಕೂಗಿದ್ದರೆ ಕೇಳುವಷ್ಟು ದೂರ.

ನಡುಹೊಳೆಯಲ್ಲಿ ತೊಗಲು ಬಿರಿಯಿತು. ಅಣ್ಣ ಗಂಡಹೆಂಡಿರನ್ನು ಬಿದಿರಿನ ಅಂಚು ಹಿಡಿಸಿ ದಂಡೆಗೆ ಮುಟ್ಟಿಸಿದ. ಹನುಮವ್ವ ಸಿಗಲಿಲ್ಲ.

ಕೈಬಿಟ್ಟ ಹರಿಗೋಲೂ ಕೊಚ್ಚಿಹೋಗಿತ್ತು, ನೋಡಿ ಹೇಳಲು ಏನೂ ಉಳಿದಿರಲಿಲ್ಲ. ಪಂಚರು ಕೇಳಿದಾಗ ಅಣ್ಣ ಎದ್ದು ನಿಂತು, "ನಮ್ಮ ತಂಗಿ ಕಣ್ಣು ತಪ್ಪಂಗಿಲ್ರಿ. ನನ್ನ ಹೊಲಿಗೀನ ಬಿಟ್ಟಿರಬೇಕು" ಎಂದ. ನಾನು ಹೆಂಗಸರ ನಡುವೆ ಕೂತಿದ್ದೆ. ಯಾರಾದರೂ ನನ್ನನ್ನು ಕೇಳಿಯಾರೆಂದು ಹೆದರಿ ತಲೆ ಎತ್ತಲಿಲ್ಲ. ಯಾರೂ ಕೇಳಲಿಲ್ಲ. ಅವನು ಕಟ್ಟಿದ್ದನ್ನು ಹೊಳೆ ದಾಟುವ ಯಾವ ಕಡವಿನಲ್ಲೂ ಯಾರೂ ಕೊಳ್ಳಬಾರದೆಂದು ತೀರ್ಮಾನವಾಯಿತು. ಅವನು ಸಂಡೂರಿನ ಗುಡ್ಡಕ್ಕೆ ಮ್ಯಾಂಗನೀಸ್ ಅಗೆಯಲು ಹೋದ. ನನ್ನನ್ನು ಹೊಸಪೇಟೆಗೆ ಕೊಟ್ಟರು.

ಹದಿನಾಲ್ಕು ವರ್ಷವಾಯಿತು. ಹೋದ ತಿಂಗಳು ಸಂಡೂರಿಗೆ ಹೋಗಿದ್ದೆ. ಅಣ್ಣ ಹರಿದ ಅಂಗಿ ಹೊಲಿಯಲು ಕೂತಿದ್ದ. ದಾರ ಪೋಣಿಸಲಾಗದೆ ಸೂಜಿಯನ್ನು ನನ್ನತ್ತ ಚಾಚಿದ. ನಿನ್ನ ಕಣ್ಣು ಚಲೋ ಅದಾವ ಎಂದ.

ಹೇಳಿಬಿಟ್ಟೆ. ಎಲ್ಲವನ್ನೂ.

ಅವನು ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟ. ಆಮೇಲೆ ಎಷ್ಟು ದೊಡ್ಡದಿತ್ತು ಎಂದು ಕೇಳಿದ. ಉಗುರಿನ ತುದಿ ತೋರಿಸಿದೆ.

"ದಿನಾ ಮಲಗಿದಾಗ ಆ ಹೊಲಿಗಿ ಬಿಚ್ಚಿ ನೋಡೀನಿ" ಎಂದ. "ಒಂದೊಂದ ಹೊಲಿಗಿ ಎಣಿಸೀನಿ. ಎಲ್ಲಿ ತಪ್ಪಿದೆ ಅಂತ ಗೊತ್ತಾಗಲೇ ಇಲ್ಲ." ನಾನು ಅವನ ಕಾಲು ಹಿಡಿಯಲು ಬಾಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ. "ನನಗ ಬ್ಯಾಡ. ಕರಿಯಪ್ಪಗ ಹೇಳು ನಡಿ."

ಮರುದಿನವೇ ಕಂಪ್ಲಿಗೆ ಹೋದೆವು. ಕರಿಯಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಹಿಂದೆ ಅಣ್ಣನನ್ನು ಕಂಡು ಎದ್ದು ಒಳಗೆ ಹೊರಟ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಓಣಿಯವರಿಗೆಲ್ಲ ಕೇಳುವಂತೆ ಹೇಳಿದೆ:

"ಕರಿಯಪ್ಪಣ್ಣ, ಈತನ ಹೊಲಿಗಿ ಬಿಟ್ಟಿರಲಿಲ್ಲ. ತೂತು ಮಾಡಿದಾಕಿ ನಾನು, ಮುಚ್ಚಿಟ್ಟಾಕಿ ನಾನು. ನಿಮ್ಮವ್ವ ಸತ್ತಿದ್ದು ನನ್ನಿಂದ. ತಪ್ಪಾತು."