ಚಿತ್ರದ ಮೇಲಿನ ಅಂಗೈ

ಹೊಳೆಬದಿಯ ನಮ್ಮ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿರ ಕರೆದು ಓದಿಸುತ್ತಿದ್ದರು. ಮಗು ಪುಸ್ತಕ ತೆರೆದ ಕೂಡಲೇ ಪುಟದ ಚಿತ್ರವನ್ನು ಅಂಗೈಯಿಂದ ಮುಚ್ಚಿಬಿಡುವುದು ಅವರ ಕ್ರಮ. ಆ ಕೈಯ ಸೀಮೆಸುಣ್ಣ ತಾಗಿ ತಾಗಿ, ವರ್ಷದ ಕೊನೆಗೆ ಪಾಠದ ಆನೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು.

"ಚಿತ್ರ ನೋಡಿ ಹೇಳ್ಬೇಡ ಮಗಾ, ಅಕ್ಷರ ನೋಡಿ ಹೇಳು. ಗಡಿಬಿಡಿ ಇಲ್ಲ."

ನಾನು ನಾಲ್ಕನೇ ತರಗತಿಯ ಮಾಸ್ಟ್ರು. ಗಡಿಬಿಡಿಯೆಲ್ಲ ನನಗೇ ಇತ್ತು. ಒಂದು ದಿನ ಅವರು ನನ್ನ ತರಗತಿಯ ಬಾಗಿಲಿಗೆ ಬಂದು, ಕಿಟಕಿ ಪಕ್ಕದ ಹುಡುಗಿಯನ್ನು ಕಣ್ಣಲ್ಲೇ ತೋರಿಸಿದರು.

"ಸರ್, ಅವಳಿಗೆ ಪಾಠ ಬಾಯಿಪಾಠ ಉಂಟು, ಓದ್ಲಿಕ್ಕೆ ಬರುವುದಿಲ್ಲ. ದಿನಾ ಅರ್ಧ ಗಂಟೆ ನನ್ನ ಮಕ್ಕಳೊಟ್ಟಿಗೆ ಕೂರಿಸ್ತೇನೆ. ಕಳಿಸ್ತೀರಾ?"

ನಾಲ್ಕನೆಯವಳು ಒಂದನೆಯವರ ಜೊತೆ ಕೂತರೆ ಮರ್ಯಾದೆ ಹೋಗುವುದು ನನ್ನದು ಎಂದು ನನಗನ್ನಿಸಿತು. "ಪೋರ್ಷನ್ ಮುಗಿಲಿಲ್ಲ ಟೀಚರ್, ಮತ್ತೆ ನೋಡುವ" ಎಂದೆ. ಆ ವರ್ಷ ಅವರು ಮೂರು ಸಲ ಕೇಳಿದರು. ಮೂರು ಸಲವೂ ನಾನು ಹೇಳಿದ್ದು ಅದನ್ನೇ. ಮರುವರ್ಷ ಅವರು ನಿವೃತ್ತರಾದರು.

ಮೊನ್ನೆ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಆ ಹುಡುಗಿ ಸಿಕ್ಕಿದಳು. ಸೊಂಟದಲ್ಲಿ ಅವಳದೇ ಮಗುವಿತ್ತು. ಮೂಡುಬಿದಿರೆಯ ನೀಲಿ ಬಸ್ಸಿಗೆ ಆ ವಾರ ಹಳದಿ ಬಣ್ಣ ಹೊಡೆಸಿದ್ದರು. ಊರಿನ ಹೆಸರು ಮಾತ್ರ ಎದುರಿನ ಬೋರ್ಡಿನಲ್ಲಿ ಮೊದಲಿನಂತೆಯೇ ದೊಡ್ಡದಾಗಿತ್ತು. ಅವಳು ಅದರ ಎದುರೇ ನಿಂತು ಕೇಳಿದಳು:

"ಸರ್, ಮೂಡುಬಿದಿರೆಯ ನೀಲಿ ಬಸ್ಸು ಇವತ್ತು ಇಲ್ವಾ?"

"ಇದೇ" ಎಂದೆ. ಬೋರ್ಡು ತೋರಿಸಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದೆ.