ಎಲುಬಿನ ಸಿಮೆಂಟು

ನಮ್ಮವ್ವ ಸೀರೆ ಅಂಗಡಿಗೆ ಹೋದರೆ ಬಣ್ಣ ನೋಡುವ ಮೊದಲು ಸೆರಗಿನಿಂದ ಒಂದು ಎಳೆ ಕಿತ್ತುಕೊಳ್ಳುತ್ತಿದ್ದಳು. ಮೆಟ್ಟಿಲ ಮೇಲೆ ಕೂತು, ಕಡ್ಡಿ ಗೀರಿ, ಅದನ್ನು ಸುಟ್ಟು ನೋಡುವಳು. ಕೂದಲು ಸುಟ್ಟ ವಾಸನೆ ಬಂದರೆ ಅದು ರೇಷ್ಮೆ. ಹುಳು ಕೊಂದ ಸೀರೆ ಅವಳಿಗೆ ಬೇಡ. ಎಳೆ ಕರಗಿ ಕರಿ ಮಣಿಯಾದರೆ ಪಾಲಿಸ್ಟರ್, ಕಟ್ಟಿಕೊಡ್ರಿ ಅನ್ನುವಳು. ಅಂಗಡಿಯವನ ಮಾತನ್ನು ಅವಳು ನಂಬುತ್ತಿರಲಿಲ್ಲ. ಅಥಣಿಯ ಕಾಲೇಜಿನಲ್ಲಿ ವರ್ಷವರ್ಷವೂ ಪಾಲಿಮರ್ ಪಾಠ ಮಾಡುವ ಮಗಳು ನಾನು, ನನ್ನನ್ನೂ ನಂಬುತ್ತಿರಲಿಲ್ಲ. ಅವಳ ನಂಬಿಕೆಯೆಲ್ಲ ಕಡ್ಡಿಪೆಟ್ಟಿಗೆಯ ಮೇಲೆ. ನನಗೆ ಅದರ ಸಿಟ್ಟು ಇದ್ದೇ ಇತ್ತು.

ಇಂಥವಳ ಬಲ ಮೊಣಕಾಲು ಸವೆದುಹೋಯಿತು. ಬಸದಿಯಲ್ಲಿ ದರ್ಶನವಾಗದೆ ಅವಳು ಊಟ ಮಾಡುವವಳಲ್ಲ, ಹೊತ್ತು ಮುಳುಗಿದ ಮೇಲೂ ಇಲ್ಲ. ಶೇಡಬಾಳದ ನಮ್ಮ ಮನೆಯಿಂದ ಬಸದಿ ದೂರವೇನಲ್ಲ, ಆದರೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಅಣ್ಣ ದ್ರಾಕ್ಷಿ ತೋಟದಿಂದ ಬಂದು ಕೈಹಿಡಿದು ಹತ್ತಿಸುವವರೆಗೆ ಹಸಿದು ಕೂಡುವಳು. ಕೆಲವು ದಿನ ಮಧ್ಯಾಹ್ನವೇ ಆಗಿಬಿಡುತ್ತಿತ್ತು. ಕೊನೆಗೆ ಮೊಣಕಾಲು ಬದಲಿಸಲು ಮಿರಜಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ತೋರಿಸಲು ಇಟ್ಟುಕೊಂಡಿದ್ದ ಕೃತಕ ಮೊಣಕಾಲನ್ನು ಅವ್ವನ ಕೈಗೆ ಕೊಟ್ಟರು. ಮೇಲೆ ಕೆಳಗೆ ಲೋಹ, ನಡುವೆ ಬೆಳ್ಳನೆಯ ಬಿಲ್ಲೆ. ಅವ್ವ ಬಿಲ್ಲೆಯನ್ನು ಉಗುರಿನಿಂದ ಕೆರೆದಳು.

"ಇದ್ಯಾರ ಎಲುಬ್ರಿ?"

"ಎಲುಬಲ್ಲ ಬೇ, ಪ್ಲಾಸ್ಟಿಕ್. ನಮ್ಮ ನೀರಿನ ಕೊಡದ ಜಾತಿದ, ಅದಕ್ಕಿಂತ ಭಾಳ ಗಟ್ಟಿ," ಅಂದೆ.

ಅವ್ವ ನನ್ನತ್ತ ತಿರುಗಲೂ ಇಲ್ಲ. "ಒಂದು ಚೂರು ಸುಟ್ಟ ನೋಡಬೇಕ್ರಿ," ಎಂದು ಡಾಕ್ಟರಿಗೇ ಹೇಳಿದಳು. ನಾನು ನಾಚಿಕೆಯಿಂದ ಸತ್ತೆ. ಡಾಕ್ಟರು ನಕ್ಕು ಬ್ಲೇಡಿನಿಂದ ಚೂರು ಹೆರೆದುಕೊಟ್ಟರು. ಹೊರಗೆ ಹೋಗಿ ಸುಟ್ಟಳು. ಮೇಣಬತ್ತಿಯ ವಾಸನೆ ಬಂತು. ಅವ್ವ ಹೂಂ ಅಂದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಡಾಕ್ಟರು ಮಾತು ಮುಂದುವರಿಸಿ, "ಇದು ಗಟ್ಟಿ ಕೂಡಾಕ ಬೋನ್ ಸಿಮೆಂಟ್ ಹಾಕ್ತೀವಿ," ಅಂದುಬಿಟ್ಟರು.

ಬೋನ್ ಎಂಬ ಶಬ್ದ ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಅಣ್ಣ ದ್ರಾಕ್ಷಿಗೆ ಬೋನ್ ಮೀಲ್ ತಂದಾಗ, ಅದು ಎಲುಬಿನ ಗೊಬ್ಬರ ಎಂದು ನನ್ನ ಬಾಯಿಂದಲೇ ತಿಳಿದುಕೊಂಡು ಚೀಲಗಳನ್ನು ಬಂದ ಟೆಂಪೋದಲ್ಲೇ ವಾಪಸು ಕಳಿಸಿದ್ದಳು. ಈಗ ಕೋಲು ಹಿಡಿದು ಎದ್ದೇಬಿಟ್ಟಳು.

"ಆಯೀ, ಘಾಬರೂ ನಕಾ, ಅಂಜಬ್ಯಾಡ್ರಿ. ಹೆಸರಷ್ಟ ಹಂಗೈತಿ," ಅಂದರು ಡಾಕ್ಟರು.

"ಹೆಸರು ಸುಮ್ಮ ಇಡತಾರೇನ್ರಿ?"

ಮನೆಗೆ ಬಂದು ನನ್ನ ಪಾಠ ಶುರುವಾಯಿತು. ಅದರಲ್ಲಿ ಎಲುಬು ಇಲ್ಲ, ಎಲುಬಿಗೆ ಹಚ್ಚುವುದಕ್ಕೆ ಆ ಹೆಸರು, ಅಷ್ಟೇ. ಅದು ಅಕ್ರಿಲಿಕ್. ಗಾಜಿನಂತೆ ಕಾಣುತ್ತದೆ, ಗಾಜಿನಂತೆ ಒಡೆಯುವುದಿಲ್ಲ, ಯುದ್ಧವಿಮಾನಗಳಿಗೆ ಕಿಟಕಿಯಾಯಿತು. ಮೊದಲು ರಬ್ಬರಿನಲ್ಲಿ ಮಾಡುತ್ತಿದ್ದ ಹಲ್ಲಿನ ಸೆಟ್ಟಿಗೆ ಬಂತು. ಹಲ್ಲಿನವರಿಂದ ಎಲುಬಿನ ಡಾಕ್ಟರು ತೆಗೆದುಕೊಂಡರು.

"ನಿನ್ನ ಹಲ್ಲಿನ ಸೆಟ್ಟಿನ ಗುಲಾಬಿ ವಸಡು ಐತೆಲ್ಲಾ, ಅದ ಇದು."

ಅವ್ವ ಸೆಟ್ಟು ತೆಗೆದು ಕೈಯಲ್ಲಿ ಹಿಡಿದು ನೋಡಿದಳು. "ವಿಮಾನದ ಕಿಟಕಿ, ಹಲ್ಲು, ಮೊಣಕಾಲು. ಯಾರಿಗಿ ಹೇಳಾಕತ್ತಿ ನೀ?"

ಆದರೂ ಏನೋ ನೆನಪಾಯಿತು ಅವಳಿಗೆ. ಆ ಸೆಟ್ಟು ಮುರಿದಾಗ ಚಿಕ್ಕೋಡಿಯಲ್ಲಿ ಹಲ್ಲು ಕಟ್ಟುವವನು ಎದುರಿಗೇ ಪುಡಿಗೆ ಎಂಥದೋ ನೀರು ಕಲಸಿ ಕೂಡಿಸಿಕೊಟ್ಟಿದ್ದ. ಆ ಘಾಟಿಗೆ ಅವಳ ತಲೆ ಗಿರ್ರೆಂದಿತ್ತು.

"ಆ ವಾಸನಿ ಬರತೈತಿ?"

"ಬರತೈತಿ," ಅಂದೆ. ಪುಸ್ತಕದಲ್ಲಿ ಓದಿದ್ದೆ, ಮೂಗಿನಿಂದ ತಿಳಿದದ್ದಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಸೊಂಟದ ಮೇಲೆ ಎಚ್ಚರವಿರುತ್ತದೆ ಎಂದು ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಒಪ್ಪಿದಳು. "ನನ್ನ ಮೂಗು ಎಚ್ಚರ ಇರತೈತಿ. ನೀ ಸುಳ್ಳ ಹೇಳಿದ್ದರ, ಇನ್ನ ಮ್ಯಾಲೆ ನಿನ್ನ ಕೈಲೆ ಒಂದ ತುತ್ತು ಉಣ್ಣೂದಿಲ್ಲ." ಅವಳು ಹೇಳಿದರೆ ಹೇಳಿದ ಹಾಗೆ ಮಾಡುವವಳು.

ಆಪರೇಷನ್ ದಿನ ನಸುಕಿನಲ್ಲೇ ಅವ್ವ ಮಿರಜದ ಬಸದಿಯಲ್ಲಿ ದರ್ಶನ ಮುಗಿಸಿದ್ದಳು. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತ ನನಗೆ ಅವ್ವನ ಗುಮಾನಿಯೆಲ್ಲ ಬಂದು ಅಂಟಿಕೊಂಡಿತು. ಈಗ ಮುಚ್ಚಿದ ಡಬ್ಬಿಯಲ್ಲಿ ಕಲಸುತ್ತಾರೇನೋ, ವಾಸನೆ ಬಾರದಿದ್ದರೆ? ಔಷಧಿ ಬೆರೆಸಿ ಘಾಟು ಬದಲಾಗಿದ್ದರೆ? ಆಮೇಲೆ ಹೊಳೆಯಿತು: ಗರಗಸ. ಎಲುಬು ಕೊಯ್ಯುವಾಗ ಏಳುವುದು ಕೂದಲು ಸುಟ್ಟ ವಾಸನೆಯೇ. ಅದನ್ನು ಅವಳಿಗೆ ಹೇಳಿರಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಮುಖದಲ್ಲಿ ನಗು ಇತ್ತು.

"ಗರಗಸ ಹಚ್ಚಿದ ಕೂಡಲೇ ಕೇಳಿದ್ರು, ಇದ್ಯಾರ ಎಲುಬು ಅಂತ. ನಿಮ್ಮದ ಆಯೀ, ಅಂದೆ. ಹಂಗಾದರ ಕೊಯ್ಯಿರಿ ಅಂದ್ರು."

"ಸಿಮೆಂಟ್ ಕಲಸುವಾಗ್ರಿ?"

"ಮೂಗು ಏರಿಸಿದ್ರು. ಚಿಕ್ಕೋಡಿ ವಾಸನಿ, ಹಾಕ್ರಿ ಅಂದ್ರು. ಆಮ್ಯಾಲೆ ನಿಮಗೊಂದು ಮಾತು ಹೇಳ ಅಂದಾರ."

"ಏನಂತ್ರಿ?"

"ಹೊತ್ತು ಮುಳುಗೂದ್ರೊಳಗ ಗಂಜಿ ತರಬೇಕಂತ. ನಿಮ್ಮ ಕೈಲೇನ ಉಣ್ಣತಾರಂತ."