ಭಾವನ ಹೋಂ ಥಿಯೇಟರ್

ನಾಗಭೂಷಣ ಭಾವ ಯಾವ ವಸ್ತುವನ್ನೇ ಕೊಳ್ಳಲಿ, ಮೊದಲು ಅದನ್ನು ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೂಗುತ್ತಿದ್ದರು. ತೆಂಗಿನಕಾಯಿ, ಬೀಗ, ಚಪ್ಪಲಿ, ಗೋಡೆ ಗಡಿಯಾರ, ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರ ಮಾಡಿ ಮಾಡಿ ಅಂಟಿಕೊಂಡ ಅಭ್ಯಾಸ ಅದು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವಲ್ಲು, ಮುಚ್ಚಿದ ಕಣ್ಣು. ದೂರದಿಂದ ನೋಡಿದವರು ಪೂಜೆಗೆ ನಿಂತಿದ್ದಾರೆ ಅಂದುಕೊಳ್ಳಬೇಕು. ಆಮೇಲೆ ಕಣ್ಣು ತೆರೆದು, ನನ್ನ ಕಡೆ ತಿರುಗಿ, "ತೂಕ ಇಲ್ದಿದ್ದು ಬಾಳಿಕೆ ಬರಲ್ಲ ಕಣಮ್ಮ" ಎಂದು ವಸ್ತುವನ್ನು ಅಂಗಡಿಯವನ ಮುಂದೆ ಇಟ್ಟು ಎದ್ದು ಬರುತ್ತಿದ್ದರು. ಹೀಗೆ ಎದ್ದು ಬಂದದ್ದೇ ಹೆಚ್ಚು, ಕೊಂಡದ್ದು ಕಡಿಮೆ.

ಭಾವ ಎಂದರೆ ನನ್ನ ಅಕ್ಕ ಗೌರಮ್ಮನ ಗಂಡ. ನಾನು ಆಗ ಹಿಂದೂಪುರದಲ್ಲಿ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗಿಯರಿಗೆ ಟೈಪಿಂಗು, ಲೆಕ್ಕದ ಪ್ಯಾಕೇಜು ಹೇಳಿಕೊಡುತ್ತಿದ್ದೆ. ಅಷ್ಟಕ್ಕೇ ಭಾವನ ಬಾಯಲ್ಲಿ ನಾನು ಕಂಪ್ಯೂಟರಮ್ಮ ಆದೆ. ಊರವರಿಗೆಲ್ಲ ಹಾಗೆಂದೇ ಪರಿಚಯ ಮಾಡಿಸುತ್ತಿದ್ದರು. ಉಮಾದೇವಿ ಅಂತ ಒಂದು ಹೆಸರು ನನಗಿತ್ತು ಅನ್ನುವುದು ಕಲ್ಯಾಣದುರ್ಗದಲ್ಲಿ ಯಾರಿಗೂ ನೆನಪಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ಒಂದು ಆಸೆ ಹಿಡಿಯಿತು. ಅಕ್ಕನ ಮದುವೆಯನ್ನು ಹಿಂದೂಪುರದ ಸ್ಟುಡಿಯೋದವನೊಬ್ಬ ವಿಡಿಯೋ ತೆಗೆದಿದ್ದ. ಅರಿಶಿನ ಹಚ್ಚುವಾಗ ಅಮ್ಮ ಒಂದು ಸೋಬಾನೆ ಪದ ಹೇಳಿದ್ದಳು. ಅವಳ ತಾಯಿಯಿಂದ ಬಂದ ಪದ, ನಮ್ಮ ಕಡೆ ಬೇರೆ ಯಾರಿಗೂ ಬಾರದು. ಅಕ್ಕನಿಗೆ ಮೊದಲ ನುಡಿ ಬಾಯಿಗೆ ಬರುತ್ತಿತ್ತು, ಮುಂದಿನದು ಮರೆತಿತ್ತು. ನನಗಂತೂ ಅಷ್ಟೂ ಬರದು. "ಅಮ್ಮ ಹೇಳಿದ್ದು ಆ ಕ್ಯಾಸೆಟ್ಟಿನಾಗೆ ಐತೆ ಉಮಾ. ನಾನೇ ಕೇಳಿದೀನಿ. ಒಂದ್ಸಲ ಕೇಳ್ಸಿಬುಡು, ಕಲ್ತ್ಕಂತೀನಿ. ನನ್ ಮಗಳ ಅರಿಶಿನಕ್ಕೆ ಆ ಪದ ಇಲ್ದೆ ಹೆಂಗೆ?" ಅನ್ನುತ್ತಿದ್ದಳು. ಮಗಳು ಸೌಮ್ಯ ಕಾಲೇಜಿಗೆ ಹೋಗುತ್ತಿದ್ದಳು, ಆಗಲೇ ಗಂಡುಗಳು ಬಂದು ಹೋಗುತ್ತಿದ್ದವು.

ಕ್ಯಾಸೆಟ್ಟು ಹಾಕಿ ನೋಡುವ ವಿಸಿಆರ್‌ಗಳು ಅಷ್ಟರಲ್ಲಿ ಮೂಲೆ ಸೇರಿದ್ದವು. ಸ್ಟುಡಿಯೋಕ್ಕೆ ಕೊಟ್ಟು ಸಿ.ಡಿ. ಮಾಡಿಸೋಣ ಎಂದೆ. ಒಂದು ವಾರದ ಕೆಲಸ. ಭಾವ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಪರರ ಕೈಗೆ ಯಾಕಮ್ಮ ಕೊಡೋದು? ಒಂದು ಕಂಪ್ಯೂಟ್ರು ಮಾಡ್ಸಿ ಟಿವಿಗೆ ಹಾಕಾನ. ಕ್ಯಾಸೆಟ್ಟೂ ಅದ್ರಾಗೆ, ಸಿ.ಡಿ.ನೂ ಅದ್ರಾಗೆ, ಕೇಬಲ್ಲೂ ಅದ್ರಾಗೆ. ಸುತ್ತ ಸ್ಪೀಕರ್ ಇಟ್ಟು ಹೋಂ ಥಿಯೇಟರ್ ಮಾಡ್ಬುಡಾನ. ನಿಮ್ಮಕ್ಕ ರಾಣಿ ತರ ಕೂತು ನೋಡ್ಲಿ." ಯಾವುದೋ ಪೇಪರಿನ ಪುರವಣಿಯಲ್ಲಿ ಓದಿದ್ದರಂತೆ. ನನಗೂ ಹೊಸ ಯಂತ್ರದ ಹುಚ್ಚು. ಹೂಂ ಎಂದುಬಿಟ್ಟೆ. ಆ ಒಂದು ಹೂಂಗೆ ಎರಡು ವರ್ಷ ಅನುಭವಿಸಿದೆ.

ತಿಂಗಳಿಗೊಮ್ಮೆ ಪಾವಗಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಬಂದಿಳಿಯುತ್ತಿದ್ದರು. ಬಂದವರೇ ಸೆಂಟರಿನ ಬಾಗಿಲಲ್ಲಿ ನಿಂತು, "ನಡಿಯಮ್ಮ ಕಂಪ್ಯೂಟರಮ್ಮ, ರೇಟು ನೋಡ್ಕಂಡು ಬರಾನ" ಎನ್ನುವರು. ಪಾಠ ಅರ್ಧಕ್ಕೆ ನಿಲ್ಲಿಸಿ ಹೋಗಬೇಕು. ಅಂಗಡಿಯಲ್ಲಿ ಅವರ ಪರೀಕ್ಷೆ ಶುರುವಾಗುತ್ತಿತ್ತು. ಕ್ಯಾಬಿನೆಟ್ಟನ್ನು ಎರಡು ಕೈಯಲ್ಲಿ ಎತ್ತಿ ತೂಗಿದರು, ಪರವಾಗಿಲ್ಲ. ಪವರ್ ಸಪ್ಲೈ ಡಬ್ಬಿಯನ್ನು ತೂಗಿದರು, ಪಾಸಾಯಿತು. ಮೆಮೊರಿ ಕೈಗೆ ಕೊಟ್ಟಾಗ ಕಣ್ಣು ಮುಚ್ಚುವುದಕ್ಕೂ ಮನಸ್ಸು ಬರಲಿಲ್ಲ. ಬಿಸ್ಕತ್ತಿನಷ್ಟೂ ಭಾರವಿಲ್ಲದ ಪಟ್ಟಿ. "ಇದ್ರಾಗೆ ಏನೈತೆ ಅಂತ ಇಷ್ಟು ದುಡ್ಡು?" ಎಂದು ತಿರುಗಿಸಿ ತಿರುಗಿಸಿ ನೋಡಿದರು. ಸ್ಪೀಕರ್ ಸೆಟ್ಟು ಬಿಚ್ಚಿದಾಗ, "ಮನುಷ್ಯನಿಗೆ ದೇವ್ರು ಕೊಟ್ಟಿರೋದು ಎರಡು ಕಿವಿ. ಐದು ಸ್ಪೀಕರ್ ಯಾಕಪ್ಪ?" ಎಂದು ಅಂಗಡಿಯವನನ್ನೇ ಕೇಳಿದರು. ಅವನು ತೆಲುಗಿನವನು. "ಅದಿ ಸೆಟ್ಟು ಅನ್ನಾ, ವಿಡಿಗಾ ಇವ್ವಮು" ಅಂದ, ಬಿಡಿಬಿಡಿಯಾಗಿ ಕೊಡಲ್ಲ ಅಂತ. ಭಾವ ನಕ್ಕು, "ಅಯಿತೇ ರೇಟು ತಗ್ಗಿಂಚು", ಹಾಗಾದ್ರೆ ರೇಟು ಇಳಿಸು, ಎಂದು ಚೌಕಾಸಿಗೆ ಕುಳಿತರು. ಮಧ್ಯಾಹ್ನದವರೆಗೆ ಕುಳಿತು, ಅವನು ಕೊನೆಗೆ ಒಪ್ಪಿ ಬಿಲ್ಲು ಬರೆಯುವ ಹೊತ್ತಿಗೆ ಎದ್ದು ನಿಂತರು. "ಮುಂದಿನ ತಿಂಗ್ಳು ಇನ್ನೂ ಇಳೀತದೆ ಕಣಮ್ಮ. ತಾಳಿದವನು ಬಾಳಿಯಾನು."

ಕೋಪ ಬರುವ ಮಾತೆಂದರೆ, ಅವರು ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಮುಂದಿನ ತಿಂಗಳು ಬೆಲೆ ನಿಜವಾಗಿಯೂ ಇಳಿದಿರುತ್ತಿತ್ತು. ಆಮೇಲಿನ ತಿಂಗಳು ಇನ್ನಷ್ಟು. ಕಂಪ್ಯೂಟರಿನ ಬೆಲೆ ಇಳಿಯುತ್ತಲೇ ಇರುತ್ತದೆ, ಕಾಯುವವನು ಸಾಯುವವರೆಗೂ ಕಾಯಬಹುದು ಎಂದು ಗಿಣಿಗೆ ಹೇಳಿದ ಹಾಗೆ ಹೇಳಿದೆ. ಕಡಲೆಕಾಯಿಯನ್ನು ಬೆಲೆ ಏರುವವರೆಗೆ ಗೋದಾಮಿನಲ್ಲಿ ಇಟ್ಟು ಗೆದ್ದ ಮನುಷ್ಯ ನನ್ನ ಮಾತು ಎಲ್ಲಿ ಕೇಳಬೇಕು.

ಒಂದೇ ಅಂಗಡಿಯಲ್ಲಿ ಎಲ್ಲ ಕೊಳ್ಳುವುದೂ ಅವರ ಪ್ರಕಾರ ದಡ್ಡತನ. ಕಂಪ್ಯೂಟರಿನ ಮದರ್‌ಬೋರ್ಡು ನಾನು ಆರಿಸಿ ಕೊಡಿಸಿದ್ದೆ. ಒಂದು ದಿನ ಅನಂತಪುರದಿಂದ ನೇರವಾಗಿ ಸೆಂಟರಿಗೆ ಬಂದು, ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಮೆಮೊರಿ ತೆಗೆದು ಮೇಜಿನ ಮೇಲಿಟ್ಟರು. ಹಿಂದೂಪುರಕ್ಕಿಂತ ಎಷ್ಟೋ ಅಗ್ಗವಂತೆ. ಬೋರ್ಡಿಗೆ ಹಿಡಿದು ನೋಡಿದರೆ ಅದರ ಕಚ್ಚು ಒಂದು ಕಡೆ, ಬೋರ್ಡಿನ ಗೆಣ್ಣು ಇನ್ನೊಂದು ಕಡೆ. ಹಳೆಯ ಕಾಲದ್ದನ್ನು ತಂದಿದ್ದರು. ಇದು ಕೂರುವುದಿಲ್ಲ ಭಾವ ಎಂದೆ. ಬಗ್ಗಿ ನೋಡಿ, "ಒಂಚೂರು ಅರ ತಗಂಡು ತಿಕ್ಕಿದ್ರೆ ಕೂರಲ್ವಾ?" ಎಂದರು. ನನ್ನ ಹುಡುಗಿಯರೆಲ್ಲ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಬದಲಾಯಿಸಲು ಭಾವ ಮತ್ತೆ ಅನಂತಪುರಕ್ಕೆ ಹೋದರು. ಅಲ್ಲಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಉಳಿಸಿದ್ದೆಲ್ಲ ಬಸ್ಸಿಗೆ ಹೋಯಿತು.

ಇಷ್ಟರ ನಡುವೆ ಕ್ಯಾಸೆಟ್ಟಿನ ಗತಿ ಏನು ಅನ್ನುವ ಚಿಂತೆ ನನಗೆ. ಟೇಪಿಗೆ ಬೂಷ್ಟು ಹಿಡಿಯುತ್ತದೆ, ಒಣಗಿದ ಜಾಗದಲ್ಲಿಡಿ ಎಂದಿದ್ದೆ. "ನಿಂಗ್ಯಾಕಮ್ಮ ಅದರ ಯೋಚ್ನೆ? ಬೀಜದ ಕಾಯಿ ಕಾಪಾಡೋ ಹಂಗೆ ಕಾಪಾಡ್ತಾ ಇದೀನಿ" ಅಂದರು. ಸದ್ಯ, ಅಷ್ಟಾದರೂ ಜವಾಬ್ದಾರಿ ಇದೆಯಲ್ಲ ಎಂದುಕೊಂಡೆ.

ಫೋನಿನಲ್ಲಿ ಅಕ್ಕ ಕೇಳುತ್ತಿದ್ದಳು. "ಎಲ್ಲಿಗೆ ಬಂತೇ ನಿಮ್ಮ ಡಬ್ಬಿ?" ನಿನ್ನ ಗಂಡನನ್ನು ಕೇಳು ಎನ್ನುತ್ತಿದ್ದೆ. "ಅವ್ರನ್ನ ಕೇಳಿದ್ರೆ ಕಂಪ್ಯೂಟರಮ್ಮನ್ನ ಕೇಳು ಅಂತಾರೆ" ಎಂದು ಫೋನಿಡುತ್ತಿದ್ದಳು. ಅವಳಿಗೆ ನನ್ನ ಮೇಲೂ ಬೇಸರ ಬಂದಿತ್ತು. ಅಷ್ಟರಲ್ಲಿ ಸೌಮ್ಯಳಿಗೆ ಬೆಳುಗುಪ್ಪದ ಕಡೆಯ ಸಂಬಂಧ ಗೊತ್ತಾಯಿತು. ಮದುವೆಗೆ ಎರಡು ತಿಂಗಳಿತ್ತು.

ಆ ಸಲ ಅಂಗಡಿಯಲ್ಲಿ ಎಲ್ಲವೂ ತಯಾರಿತ್ತು. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಡೊಂದೇ ಬಾಕಿ. ಅದೂ ಎದುರಿಗಿತ್ತು. ಭಾವ ಅದನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿ, ಕಣ್ಣು ತೆರೆದು, "ಇದು ಮುಂದಿನ ತಿಂಗ್ಳು..." ಎಂದು ಶುರುಮಾಡಿದರು. ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಭಾವ, ನಿಮ್ಗೆ ಅಕ್ಕಂಗಿಂತ ರೇಟೇ ಹೆಚ್ಚಾ? ಸತ್ತೋಳ ಪದಕ್ಕೂ ಚೌಕಾಸಿ ಮಾಡ್ತೀರಲ್ಲ" ಎಂದೆ. ಅಂಗಡಿಯವನು ತಲೆ ತಗ್ಗಿಸಿ ಬಿಲ್ಲಿನ ಪುಸ್ತಕ ನೋಡತೊಡಗಿದ.

ಭಾವ ನನ್ನನ್ನು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದರು. ಟೀ ಬಂತು. ಅವರು ಲೋಟ ಮುಟ್ಟಲಿಲ್ಲ.

"ಆ ಕ್ಯಾಸೆಟ್ಟಿನಾಗೆ ನಿಮ್ಮಮ್ಮನ ಪದ ಇಲ್ಲ ಕಣಮ್ಮ."

ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ.

"ಸ್ಟುಡಿಯೋದೋನು ಕೇಳ್ದ, ಅನ್ನಾ ಪಾಟಲು ಪೆಟ್ಟಾಲಾ, ಹಾಡು ಹಾಕ್ಲಾ ಅಂತ. ಹೊಸ ಮದ್ವೆ ಗಂಡು ನಾನು, ಷೋಕಿ. ಹಾಕಪ್ಪ ಅಂದೆ. ಮದ್ವೆ ಪೂರ್ತಿ ಸಿನಿಮಾ ಹಾಡು ತುಂಬ್ಬುಟ್ಟ. ಓಲಗ ಇಲ್ಲ, ಮಂತ್ರ ಇಲ್ಲ, ಒಬ್ಬರ ಮಾತೂ ಇಲ್ಲ."

"ಅಕ್ಕ ಕೇಳಿದೀನಿ ಅಂತಾಳಲ್ಲ?"

"ಕ್ಯಾಸೆಟ್ಟು ಕೈಗೆ ಬಂದ ದಿನ ವಿಸಿಆರ್ ಬಾಡಿಗೆಗೆ ತಂದು ಮನೆ ಮಂದಿಯೆಲ್ಲ ನೋಡಿದ್ವಿ, ನೀನು ಇರ್ಲಿಲ್ಲ. ಅತ್ತೆ ಅಲ್ಲೇ ಕೂತಿದ್ರು. ಅರಿಶಿನದ ಸೀನು ಬಂದಾಗ ಅವ್ರೇ ಪದ ಹೇಳಿದ್ರು, ಟಿವಿ ನೋಡ್ಕಂಡು. ನಿಮ್ಮಕ್ಕನ ಕಿವಿಯಾಗೆ ಎರಡೂ ಸೇರ್ಕಂಡೈತೆ. ಈಗ ಹಾಕಿ ತೋರ್ಸಿದ್ರೆ ಅವಳು ಏನಾಗ್ಬೇಕು? ಐತೆ ಅನ್ಕಂಡು ಇರ್ಲಿ ಅಂತ ನಾನು ಹಿಂಗೇ ತಳ್ಳಿದೆ."

ಎರಡು ವರ್ಷದ ಅಲೆದಾಟಕ್ಕೆ ಇದಾ ಅರ್ಥ? ನನಗೆ ಅಯ್ಯೋ ಅನ್ನಿಸಲಿಲ್ಲ, ಸಿಟ್ಟೇ ಬಂತು. ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ? ಅವರು ಚೌಕಾಸಿಯಲ್ಲಿ ಪಟ್ಟ ಸುಖವನ್ನೂ ನಾನು ಕಣ್ಣಾರೆ ಕಂಡಿದ್ದೆ. ಅದೆಲ್ಲ ನಾಟಕವೇನಲ್ಲ. ಅದರಲ್ಲಿ ಹೆಂಡತಿಯ ಮೇಲಿನ ಪ್ರೀತಿ ಎಷ್ಟು, ಜಿಪುಣತನ ಎಷ್ಟು ಎಂದು ಬೇರೆ ಮಾಡಲು ನನಗೆ ಇಂದಿಗೂ ಆಗಿಲ್ಲ. "ಕಾರ್ಡು ಇವತ್ತೇ ತಗಳಿ. ಹೇಳೋದನ್ನ ಅಕ್ಕಂಗೆ ನೀವೇ ಹೇಳಿ" ಎಂದು ಎದ್ದೆ. ಕಾರ್ಡು ಕೊಂಡರು. ಆ ದಿನ ಮಾತ್ರ ತೂಗಲೂ ಇಲ್ಲ, ಚೌಕಾಸಿ ಮಾಡಲೂ ಇಲ್ಲ.

ಮುಂದಿನ ಭಾನುವಾರ ಎಲ್ಲವನ್ನೂ ಕಟ್ಟಿಕೊಂಡು, ಮುಚ್ಚಿಹೋದ ಕ್ಯಾಸೆಟ್ ಅಂಗಡಿಯವನ ಅಟ್ಟದಿಂದ ಒಂದು ವಿಸಿಆರ್ ಕೇಳಿ ತಂದು, ಕಲ್ಯಾಣದುರ್ಗಕ್ಕೆ ಹೋದೆ. ಜೋಡಿಸಿ, ಟಿವಿಗೆ ವೈರು ಹಾಕಿ, ಸ್ಪೀಕರ್‌ಗಳನ್ನು ನಡುಮನೆಯ ಮೂಲೆಗಳಲ್ಲಿ ಇಟ್ಟೆ. ಅಕ್ಕ ಸೀರೆ ಬದಲಿಸಿಕೊಂಡು ಬಂದು ಚಾಪೆಯ ಮೇಲೆ ಕುಳಿತಳು. ಭಾವ ಅವಳಿಗೆ ಏನೂ ಹೇಳಿಲ್ಲವೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಳಗಿನಿಂದ ಒಂದು ಡಬ್ಬಿ ತಂದು ಕೊಟ್ಟರು. ಮುಚ್ಚಳ ತೆಗೆದೆ. ಕ್ಯಾಸೆಟ್ಟಿನ ಸುತ್ತ ಹಸಿ ಬೇವಿನ ಸೊಪ್ಪು. ಹುಳ ಬೀಳದಿರಲಿ ಅಂತ ಬೀಜದ ಕಾಯಿಗೆ ಬೇವು ಹಾಕುತ್ತಾರಲ್ಲ, ಹಾಗೆ. ಕಾಯಿಗೆ ಹಾಕುವುದು ಒಣಗಿಸಿದ ಸೊಪ್ಪು. ಇವರು ಇನ್ನೂ ಚೆನ್ನಾಗಿರಲಿ ಅಂತ ಎರಡು ವರ್ಷ ತಿಂಗಳು ತಿಂಗಳೂ ಮರದಿಂದ ಹೊಸದಾಗಿ ಕಿತ್ತು ತುಂಬಿದ್ದರು. ಆ ತೇವಕ್ಕೆ ಟೇಪಿನ ಅಂಚಿಗೆಲ್ಲ ಬೆಳ್ಳಗೆ ಬೂಷ್ಟು ಹಿಡಿದಿತ್ತು.

ಆದಷ್ಟು ಒರೆಸಿ ಹಾಕಿದೆ. ಗೆರೆಗಳ ನಡುವೆ ಚಪ್ಪರ ಕಂಡಿತು, ಮಂದಿ ಕಂಡರು. ಐದೂ ಸ್ಪೀಕರಿನಿಂದ ಸಿನಿಮಾ ಹಾಡು ಮನೆ ತುಂಬಿತು. ಅರಿಶಿನದ ಹೊತ್ತು ಬಂತು. ಅಮ್ಮನ ಮುಖ ಟಿವಿ ತುಂಬ ನಿಂತಿತು, ಮೂಗುಬಟ್ಟು ಹೊಳೆಯುತ್ತಿತ್ತು, ಬಾಯಿ ಆಡುತ್ತಿತ್ತು. ಕೇಳಿಸುತ್ತಿದ್ದದ್ದು ಮಾತ್ರ ಯಾರೋ ನಾಯಕ ನಾಯಕಿಯ ಯುಗಳಗೀತೆ. ಭಾವ ಗೋಡೆ ಕಡೆ ತಿರುಗಿ ನಿಂತರು.

ಅಕ್ಕ ಅಳಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಆ ಸೌಂಡು ತೆಗೀರಿ" ಎಂದಳು. ಭಾವನೇ ಹೋಗಿ ಸ್ಪೀಕರ್ ಬಂದ್ ಮಾಡಿದರು. ಅಕ್ಕ ಟಿವಿಗೆ ಹತ್ತಿರ ಸರಿದು, ಅಮ್ಮನ ಬಾಯಿಯನ್ನೇ ನೋಡುತ್ತ, ಮೊದಲ ನುಡಿಯನ್ನು ಅದರ ಜೊತೆಗೇ ಹೇಳಿದಳು. ನುಡಿ ಮುಗಿಯಿತು. ಅಮ್ಮನ ಬಾಯಿ ನಿಲ್ಲಲಿಲ್ಲ, ಅಕ್ಕನದೂ ನಿಲ್ಲಲಿಲ್ಲ. ಮರೆತಿದ್ದ ಎರಡನೆಯ ನುಡಿ ಒಂದೊಂದೇ ಪದವಾಗಿ ಅವಳ ನಾಲಿಗೆಗೆ ಬಂತು. ಮೂರನೆಯದು ಎತ್ತಿಕೊಂಡಳು. ಅಷ್ಟರಲ್ಲಿ ಅಮ್ಮನ ಮುಖ ಅಲುಗಾಡಿ, ಗೆರೆಗೆರೆಯಾಗಿ, ಪೂರ್ತಿ ಬೆಳ್ಳಗಾಯಿತು. ಬಿಳುಪು ಸರಿದಾಗ ಊಟದ ಪಂಕ್ತಿ ನಡೆಯುತ್ತಿತ್ತು. ಕಂಪ್ಯೂಟರಿಗೆ ಇಳಿದದ್ದನ್ನು ಮತ್ತೆ ಮತ್ತೆ ಹಾಕಿ ನೋಡಿದೆವು. ಪ್ರತಿ ಸಲವೂ ಅದೇ ಜಾಗದಲ್ಲಿ ಅಮ್ಮ ಹೋದಳು.

"ಪದ ಇಲ್ಲ ಅಂತ ನನ್ಗೆ ಹೇಳಿದ್ರೆ ಆಗ್ತಿತ್ತಲ್ರೀ. ಅವಳ ಬಾಯಿ ನೋಡಿದ್ರೆ ಸಾಕಾಗಿತ್ತು ನಂಗೆ" ಎಂದಳು ಅಕ್ಕ. ಭಾವ ಡಬ್ಬಿಯೊಳಗಿನ ಸೊಪ್ಪನ್ನು ಕೈಯಲ್ಲಿ ಹಿಡಿದು ಕುಳಿತಿದ್ದರು. "ಉಳ್ದಿದ್ದನ್ನ ನಾನೇ ತಿಂದ್ಬುಟ್ನಲ್ಲೇ ಗೌರಿ" ಎಂದರು.

ಸೌಮ್ಯಳ ಅರಿಶಿನದ ದಿನ ಅಕ್ಕ ಆ ಪದ ಹೇಳಿದಳು. ಎರಡು ನುಡಿ ತಡೆಯಿಲ್ಲದೆ ಬಂತು. ಮೂರನೆಯದು ಬಿಳುಪು ಬಂದ ಜಾಗಕ್ಕೆ ಬಂದು ನಿಂತಿತು. ಮುಂದಿನ ಸಾಲಿಗೆ ದನಿಗೂಡಿಸಲು ಹೆಂಗಸರು ಕಾದರು. ಬಾಗಿಲಲ್ಲಿ ನಿಂತಿದ್ದ ಭಾವನ ತುಟಿ ಆಡುತ್ತಿದ್ದುದನ್ನು ನಾನು ನೋಡಿದೆ. ಆದರೆ ಅವರಿಗೆಲ್ಲಿಂದ ಬರಬೇಕು. ಅಕ್ಕ ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು. ಭಾವ ಟವಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದರು.

ನಾನು ಅವರನ್ನು ನೋಡಿದ್ದು ಆ ಮದುವೆಯಲ್ಲೇ ಕೊನೆ. ಆ ವರ್ಷವೇ ಕಡಲೆಕಾಯಿ ಸುಗ್ಗಿಯಲ್ಲಿ, ಗೋದಾಮಿನಲ್ಲಿ ಕುಳಿತಲ್ಲೇ ಎದೆ ಹಿಡಿದು ಹೋಗಿಬಿಟ್ಟರು. ಹದಿನೈದು ದಿನ ಕಳೆದ ಮೇಲೆ ಅಕ್ಕ ಆ ವಿಡಿಯೋ ಹಾಕು ಎಂದಳು. ಹಾಕಿದೆ. ಈ ಸಲ ಅಮ್ಮನ ಹತ್ತಿರ ನಿಲ್ಲಿಸಲಿಲ್ಲ. ಧಾರೆಯವರೆಗೂ ಓಡಿಸಿದಳು. ಬಾಸಿಂಗ ಕಟ್ಟಿಕೊಂಡ ಭಾವ ಅಕ್ಕನ ಕಡೆ ವಾಲಿ, ನಗುತ್ತ, ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅಕ್ಕ ಸ್ಪೀಕರ್ ಬಂದ್ ಮಾಡಿ, ಟಿವಿಯ ಹತ್ತಿರ ಸರಿದು ಕುಳಿತಳು. ಏನಂತ ಹೇಳ್ತಿದಾರೆ ಅಕ್ಕ ಎಂದು ಕೇಳಿದೆ.

"ತಾಳೇ, ನೋಡ್ತಾ ಇದೀನಿ" ಎಂದಳು.